ತಿರುಪು

ಶುಕ್ರವಾರ ಮಧ್ಯಾಹ್ನ. ಗುದೈಬಿಯಾದ ಓಣಿಗೆ ನಿದ್ದೆ.
ಎ.ಸಿ.ಯ ಗುಂಯ್ ಒಂದೇ ಎಚ್ಚರ.
ಅಂಟುವಾಳ ನೆನೆಹಾಕಿದ್ದೇನೆ.
ಕುಮಟೆಯಿಂದ ಸೂಟ್‌ಕೇಸಿನ ಮೂಲೆಯಲ್ಲಿ ಬಂದದ್ದು;
ಕಸ್ಟಮ್ಸಿನವನು ಮೂಸಿ ನೋಡಿ
ಇದು ತಿನ್ನುವುದೇ ಎಂದು ಕೇಳಿದ್ದ.

ನೀರು ಉಗುರುಬೆಚ್ಚಗಿರಬೇಕು, ಅಷ್ಟೇ.
ಕುದಿನೀರಿಗೆ ಕಲ್ಲು ಬೆದರುತ್ತದೆ, ಒಳಗಿನ ಅರಗು ಇಳಿಯುತ್ತದೆ.
ಇದು ಇವರ ಮಾತು. ಸೂಕಿನಲ್ಲಿ ದಿನಕ್ಕೆ ಹತ್ತು ಗಂಟೆ
ಪರರ ಚಿನ್ನಕ್ಕೆ ಬೆನ್ನು ಬಗ್ಗಿಸುವವರು,
ಮನೆಯಲ್ಲಿ ಹಳದಿ ಕಂಡರೆ ಕಣ್ಣು ಮುಚ್ಚುತ್ತಾರೆ.
ಈಗಲೂ ಮುಚ್ಚಿದ್ದಾರೆ, ಬಾಯಿ ಅರ್ಧ ತೆರೆದಿದೆ.

ಅಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲಿ,
ಕೈ ತೊಳೆದ ನೀರನ್ನೂ ಚೆಲ್ಲುವಂತಿಲ್ಲವಂತೆ.
ಡ್ರಮ್ಮಿನಲ್ಲಿ ಕೂಡಿಟ್ಟು, ಕೆಸರು ತಂಗಿದ ಮೇಲೆ ಕಾಸಿದರೆ
ವರ್ಷದ ಕೊನೆಗೆ ಒಂದು ಉಂಡೆ,
ಮಾಲೀಕನಿಗೆ.
ನನ್ನ ಬೋಗುಣಿಯ ನೀರಿಗೆ ಮಾಲೀಕರಿಲ್ಲ.

ಬಳೆ ನಾಲ್ಕು. ಬೆಂಡೋಲೆ ಜೊತೆ. ಉಂಗುರ ಒಂದು,
ಇನ್ನೊಂದು ಬೆರಳು ಬಿಟ್ಟು ಬರುವುದಿಲ್ಲ,
ಅದನ್ನು ಬೆರಳಿನ ಸಮೇತ ಅದ್ದುತ್ತೇನೆ.
ಮೆತ್ತನೆ ಬ್ರಶ್ಶು, ಮಗಳ ಮೊದಲ ಹಲ್ಲಿನದು.
ಅವಳೀಗ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಾಳೆ.
ಪೇಸ್ಟು ಬೇಡ, ಗೀರು ಬೀಳುತ್ತದೆ.
ಬ್ಲೀಚು ಹಿಡಿದ ಕೈಯಲ್ಲಿ ಮುಟ್ಟಲೇಬೇಡ.
ಹಿಂಬದಿಯಿಂದ ಉಜ್ಜು:
ಕೊಳೆ ಕೂರುವುದು ಕಲ್ಲಿನ ಬೆನ್ನಿಗೆ,
ಮುಖ ಮಂಕಾಗುವುದು ಅದರಿಂದ.

ನೊರೆ ಮೆಲ್ಲನೆ ಬೂದಿಯಾಗುತ್ತದೆ.
ಚಪಾತಿ ಹಿಟ್ಟು, ಕ್ಲಿನಿಕ್ಕಿನ ಸ್ಯಾನಿಟೈಜರು,
ಜೂನಿನ ಗಾಳಿ ಕಿಟಕಿ ಸಂದಿಯಲ್ಲಿ ತೂರಿದ ಮರಳಿನ ಪುಡಿ,
ಯಾರದೋ ಮದುವೆಯ ಅರಿಸಿನ,
ಒಂದು ಶೇರಿ ಮೀನಿನ ಪೊರೆ.
ಅದೂ ಕಲ್ಲಿನ ಹಾಗೇ ಹೊಳೆದು ನನ್ನನ್ನು ಏಮಾರಿಸಿತು.

ಮುತ್ತಿನೋಲೆ ಮಾತ್ರ ಬೋಗುಣಿಯಿಂದ ದೂರ.
ಮೇಲಿನ ಮಹಡಿಯ ಉಮ್ ಘಾನಿಮ್ ಹೇಳಿಕೊಟ್ಟದ್ದು,
ಮುರುಕು ಹಿಂದಿಯಲ್ಲಿ ಅರ್ಧ, ಮಿಕ್ಕದ್ದು ಕೈಯಲ್ಲಿ:
ಒದ್ದೆ ಬಟ್ಟೆ ಸಾಕು. ಅತ್ತರು ಮೊದಲು, ಮುತ್ತು ಕೊನೆಗೆ.
ಪೆಟ್ಟಿಗೆಯಲ್ಲಿಟ್ಟರೆ ಸಾಯುತ್ತದೆ, ಮೈಮೇಲಿದ್ದರೆ ಬದುಕುತ್ತದೆ.
ಅವಳಜ್ಜ ಮೂಗಿಗೆ ಚಿಮಟ ಸಿಕ್ಕಿಸಿಕೊಂಡು ಮುಳುಗುತ್ತಿದ್ದನಂತೆ,
ಉಪ್ಪುನೀರಿಗೆ ಕಣ್ಣು ಕೊಟ್ಟನಂತೆ,
ತಂದ ಮುತ್ತೆಲ್ಲ ದೋಣಿಯವನ ಸಾಲಕ್ಕೆ ಹೋಯಿತಂತೆ.
ಅವಳ ಕಿವಿಯಲ್ಲಿ ಇರುವುದು ಪ್ಲಾಸ್ಟಿಕ್ಕು.
ಅದನ್ನೂ ಅಷ್ಟೇ ಮೆಲ್ಲಗೆ ಒರೆಸುತ್ತಾಳೆ.

ಒಣಗಿಸಲು ಎತ್ತಿದಾಗ ನೋಡಿದೆ,
ಬೆಂಡೋಲೆಗೆ ತಿರುಪು ಒಂದೇ.
ಇನ್ನೊಂದು ಮೊದಲ ನೀರಿನ ಜೊತೆ ಸಿಂಕಿಗೆ.
ತೂತಿನ ಮೇಲೆ ಬಟ್ಟೆ ಹಾಸಿಕೊಳ್ಳಿ ಎಂದು
ಊರಿಗೆಲ್ಲ ಹೇಳುವವಳು ನಾನೇ.

ಇವರನ್ನು ಎಬ್ಬಿಸಲಿಲ್ಲ. ನಾತೂರ್ ಶಫೀಕುಲ್ ಬಂದ.
ಸಿಂಕಿನಡಿ ಮಲಗಿ ಕೊಳವೆಯ ಬಾಗು ಬಿಚ್ಚಿ
ಬಕೆಟ್ಟಿಗೆ ಸುರಿದ: ಕೂದಲು, ಅನ್ನದಗುಳು, ಕಪ್ಪು ಲೋಳೆ.
ಚಹಾ ಸೋಸುವ ಜಾಲರಿ ಹಿಡಿದು ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು.

ಸಿಕ್ಕಿತು. ತಿಕ್ಕಿದೆ. ತಿರುಗಿಸಿದೆ. ಕೂರಲಿಲ್ಲ.
ಸುತ್ತು ಬೇರೆ. ತಲೆಯ ಮೇಲೆ ಸಣ್ಣದೊಂದು ಹೂವು,
ನನ್ನದಕ್ಕೆ ಹೂವಿಲ್ಲ.
ನನ್ನದು ಆಮೇಲೆ ಬಂತು, ಅದರ ಬೆನ್ನಿಗೇ.

ಹಾಗಾದರೆ ಇದು?
ನಮಗಿಂತ ಮೊದಲಿದ್ದವರು ಕೊಲಂಬೊದವರು.
ಅದಕ್ಕೂ ಮೊದಲು ಯಾರೋ, ಶಫೀಕುಲನಿಗೂ ಗೊತ್ತಿಲ್ಲ.
ಯಾವಳೋ ಇದೇ ಸಿಂಕಿನ ಮುಂದೆ ಮಂಡಿಯೂರಿ,
ಮನೆಯಲ್ಲಿ ಯಾರಿಗೂ ಹೇಳದೆ,
ಬೆಂಕಿಕಡ್ಡಿ ಚೂರಿನಲ್ಲಿ ಓಲೆ ನಿಲ್ಲಿಸಿಕೊಂಡು
ಬಸ್ಸು ಹತ್ತಿರಬೇಕು.

ಇವರು ಎದ್ದು ಬಂದರು. ಅಂಗೈಯಲ್ಲಿಟ್ಟು ಒಮ್ಮೆ ಕುಲುಕಿದರು.
“ಇಪ್ಪತ್ತೆರಡು. ಕೈಕೆಲಸ. ಚೆಂದ ಕೂರಿಸಿದ್ದಾನೆ ಹೂವು.”
ಮನೆಯಲ್ಲಿ ಇವರು ಚಿನ್ನವನ್ನು ಹೊಗಳಿದ್ದು ಅದೇ ಮೊದಲು.
ಆಮೇಲೆ ಚಹಾ ಕೇಳಿದರು, ಜಾಲರಿ ಯಾಕೆ ಕಪ್ಪಗಿದೆ ಎಂದೂ.

ಹತ್ತಿಯಲ್ಲಿ ಸುತ್ತಿ ಬೇರೆಯೇ ಡಬ್ಬಿಯಲ್ಲಿಟ್ಟೆ,
ಚಿನ್ನಕ್ಕೆ ಚಿನ್ನ ಉಜ್ಜಬಾರದು.
ಶಫೀಕುಲ್ ಬಾಲ್ಕನಿಯಲ್ಲಿ ಕೈ ತೊಳೆದು,
ಮಗ್ಗಿನ ನೀರನ್ನು ಬಸಳೆಯ ಬುಡಕ್ಕೆ ಸುರಿಯುವ ಮೊದಲು
ಒಮ್ಮೆ ಬಗ್ಗಿ ನೋಡಿದ.